ನಂತೂರಿನಲ್ಲಿ ಕಿಟಕಿಯಿಂದ ಬಂದ ಮಗು

ಬೆಳಿಗ್ಗೆ ಎಂಟು ಗಂಟೆ ನಲವತ್ತಮೂರು ನಿಮಿಷಕ್ಕೆ ನಾನು ನಂತೂರು ಸ್ಟಾಪಿನಲ್ಲಿ ನಿಂತಿದ್ದ ಒಂದು ಸಿಟಿ ಬಸ್ಸಿನೊಳಗೆ ಕೂತಿದ್ದೆ. ಎಡಬದಿ, ಹಿಂದಿನ ಬಾಗಿಲಿಗಿಂತ ಒಂದು ಸೀಟು ಮುಂದೆ, ಕಿಟಕಿಯ ಪಕ್ಕ. ಏಳು ವರ್ಷದ ಹಿಂದಿನ ಜೂನ್, ಕೊನೆಯ ವಾರದ ಗುರುವಾರ. ಗಂಟೆಯನ್ನು ನೆನಪಿನಿಂದ ಹೇಳುತ್ತಿಲ್ಲ, ಆಗಲೇ ಬರೆದಿಟ್ಟದ್ದು. ಹಾಗೆ ಬರೆದಿಟ್ಟದ್ದರಿಂದ ನನ್ನ ಮೈಮೇಲೆ ಕೈ ಬೀಳುವುದರಲ್ಲಿತ್ತು. ಕೊನೆಗೆ ಉಪಯೋಗಕ್ಕೆ ಬಂದದ್ದೂ ಅದೇ.

ಕಳೆದ ತಿಂಗಳು ಬಹಳ ಕಾಲದ ಮೇಲೆ ಅದೇ ಸ್ಟಾಪಿನಲ್ಲಿ ಇಳಿದೆ. ರಸ್ತೆ ಅಗೆದು, ತಗಡಿನ ಶೀಟು ನಿಲ್ಲಿಸಿ, ಸ್ಟಾಪನ್ನು ಸ್ವಲ್ಪ ಆಚೆ ಸರಿಸಿದ್ದಾರೆ. ಲಾರಿಗಳು ಮಾತ್ರ ಹಾಗೆಯೇ ಒಂದರ ಬೆನ್ನಿಗೊಂದು. ಮಳೆ ಹನಿಯಿತು, ಒಂದು ಬಸ್ ಬಂದು ನಿಂತಿತು, ಅದರ ಕಿಟಕಿಯ ರೆಕ್ಸಿನ್ ಪರದೆಯಿಂದ ಡೀಸೆಲ್ಲೂ ಒದ್ದೆ ಕೊಡೆಯೂ ಸೇರಿದ ಹಳೆಯ ವಾಸನೆ ಬಂತು. ಅದರ ಹಿಂದೆಯೇ ಇನ್ನೊಂದು ಬಸ್ ಬಂದು ನಿಂತಾಗ, ಮುಂದಿನ ಬಸ್ಸಿನ ಹಿಂಬಾಗಿಲಿನಿಂದ ಹಿಂದಿನ ಬಸ್ಸಿನ ಮುಂಬಾಗಿಲಿಗೆ ಹೆಜ್ಜೆ ಹಾಕಿ ನೋಡಿದೆ. ನಾಲ್ಕು ಹೆಜ್ಜೆ. ಸೀರೆಯುಟ್ಟವರಿಗೆ ಐದಾಗಬಹುದು.

"ಎಂತ ಅಳತೆ ಮಾಡುದು ನೀವು? ಬರ್ತೀರಾ ಇಲ್ವಾ?" ಎಂದು ಕಂಡಕ್ಟರ್ ಗದರಿದ. ನಾನು ಹತ್ತಲಿಲ್ಲ.

ಆ ವರ್ಷ ನಾನು ಸಮಾಜಶಾಸ್ತ್ರದ ಎಂ.ಎ. ಎರಡನೇ ವರ್ಷದಲ್ಲಿದ್ದೆ. ಕದ್ರಿಯಲ್ಲಿ ಒಂದು ಮನೆಯ ಮೇಲಿನ ಕೋಣೆ. ಒಗೆದ ಬಟ್ಟೆ ಮೂರು ದಿನಕ್ಕೂ ಒಣಗದೆ, ಇಸ್ತ್ರಿಪೆಟ್ಟಿಗೆಯಲ್ಲೇ ಒಣಗಿಸಿ ಹಾಕಿಕೊಳ್ಳುತ್ತಿದ್ದ ಕಾಲ. ಬರೆಯಬೇಕಾದ ಪ್ರಬಂಧದ ವಿಷಯ ಸಿಟಿ ಬಸ್ಸಿನಲ್ಲಿ ಜನರ ದಿನನಿತ್ಯದ ನಡವಳಿಕೆ. ದಿನಾ ಬೆಳಿಗ್ಗೆ ಕುಲಶೇಖರದ ಆಚೆಗೆ ಹೋಗಿ, ಅಲ್ಲಿಂದ ಎಂಟು ಇಪ್ಪತ್ತೈದಕ್ಕೆ ಹೊರಡುವ ಒಂದೇ ಬಸ್ಸಿನಲ್ಲಿ, ಸಾಧ್ಯವಾದರೆ ಒಂದೇ ಸೀಟಿನಲ್ಲಿ ಕೂತು ಹಂಪನಕಟ್ಟೆವರೆಗೆ ಬರುತ್ತಿದ್ದೆ. ಪ್ಲಾಸ್ಟಿಕ್ ಕವರಿನೊಳಗೆ ಸಣ್ಣ ನೋಟ್‌ಬುಕ್, ಕೈಯಲ್ಲಿ ನೀಲಿ ಪೆನ್ನು.

ಎಲ್ಲ ಬಿಟ್ಟು ನಾನು ಹಿಡಿದುಕೊಂಡದ್ದು ಒಂದೇ ಒಂದು ಅಭ್ಯಾಸವನ್ನು. ನಿಂತವರು ತಮ್ಮ ಚೀಲವನ್ನು ಕೂತವರ ಮಡಿಲಿಗೆ ಹಾಕುವುದು. ಇದಕ್ಕೆ ಇಲ್ಲಿ ಮಾತಿಲ್ಲ, ಅನುಮತಿಯಿಲ್ಲ. ನಿಂತವರು ಚೀಲವನ್ನು ಸ್ವಲ್ಪ ಮುಂದೆ ಚಾಚುತ್ತಾರೆ, ಕೂತವರ ಕೈ ತಾನಾಗಿ ಮೇಲೇಳುತ್ತದೆ. ಮುಖ ನೋಡುವುದಿಲ್ಲ. ಇಳಿಯುವ ಸ್ಟಾಪು ಬಂದಾಗ ಮೇಲಿನಿಂದ ಒಂದು ಕೈ ಬರುತ್ತದೆ, ಚೀಲ ಹೋಗುತ್ತದೆ. ಥ್ಯಾಂಕ್ಸ್ ಹೇಳಿದರೆ ಹೊರಗಿನವರೆಂದು ತಿಳಿಯುತ್ತದೆ. ಆಫೀಸಿನ ಬ್ಯಾಗು, ಶಾಲೆಯ ಬ್ಯಾಗು, ಮೀನಿನ ಪ್ಲಾಸ್ಟಿಕ್ ತೊಟ್ಟೆ, ಒಮ್ಮೆ ಹೆಲ್ಮೆಟ್ಟು, ಒಮ್ಮೆ ಯಾರದೋ ಎಕ್ಸ್‌ರೇ, ಎಲ್ಲವೂ ನನ್ನ ಮಡಿಲಿಗೆ ಬಂದು ಹೋಗಿದ್ದವು. ಪ್ರತಿಯೊಂದನ್ನೂ ಗಂಟೆ, ಸ್ಟಾಪು, ವಸ್ತು, ಕೊಟ್ಟ ಕೈಯ ಗುರುತು ಎಂದು ಬರೆದುಕೊಳ್ಳುತ್ತಿದ್ದೆ.

ಕಂಡಕ್ಟರ್ ಲೋಕೇಶಣ್ಣನಿಗೆ ಮೊದಲ ವಾರ ನನ್ನ ಮೇಲೆ ಗುಮಾನಿ. ಬಸ್ಸಿನ ಧಣಿ ಕಳಿಸಿದ ಚೆಕಿಂಗಿನವ ಎಂದುಕೊಂಡಿದ್ದ. ಅಲ್ಲವೆಂದು ಗೊತ್ತಾದ ಮೇಲೂ ಹೆಸರು ಉಳಿಯಿತು. "ಚೆಕಿಂಗ್ ಸಾರ್, ಇವತ್ತು ಎಷ್ಟು ಚೀಲ ಆಯ್ತು?" ಎಂದು ದಿನಾ ಕೇಳುತ್ತಿದ್ದ.

ನನಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಮೊದಲ ಇಪ್ಪತ್ತು ಪುಟ ಓದಿ ಕನ್ನಡಕ ತೆಗೆದಿಟ್ಟರು. "ಚೀಲ ಉಂಟು, ಮಡಿಲು ಉಂಟು, ಕೈ ಉಂಟು. ಮುಖ ಎಲ್ಲಿ ಉಂಟು ಮಾರಾಯ ಇದರಲ್ಲಿ?"

"ಮುಖ ನೋಡದೇ ಇರುವುದೇ ಇಲ್ಲಿಯ ಕ್ರಮ ಮೇಡಂ," ಎಂದೆ. ದೊಡ್ಡ ಸಂಗತಿ ಕಂಡುಹಿಡಿದವನ ಹಾಗೆ ಹೇಳಿದ್ದೆ. ಅವರು ಹಾಳೆಗಳನ್ನು ಹಿಂದೆ ಕೊಟ್ಟರು.

ಆ ಗುರುವಾರ ನನ್ನ ಮಡಿಲಲ್ಲಿ ಆಗಲೇ ಒಂದು ಕಂದು ಚೀಲ ಇತ್ತು. ಅದು ಕುಲಶೇಖರದಲ್ಲಿ ಹತ್ತುವ, ಐವತ್ತೈದು ದಾಟಿದ ಒಬ್ಬ ಹೆಂಗಸಿನದು. ಫಳ್ನೀರಿನ ಒಂದು ಕ್ಲಿನಿಕ್ಕಿನಲ್ಲಿ ಆಯಾ. ಹೆಸರು ವಾರಿಜಕ್ಕ ಎಂದು ನನಗೆ ಗೊತ್ತಾದದ್ದು ಆ ದಿನ. ಒಂದು ತಿಂಗಳಿನಿಂದ ಅವರ ಚೀಲ ನನ್ನ ಮಡಿಲಿನಲ್ಲಿ ಬರುತ್ತಿತ್ತು, ಒಂದು ಮಾತೂ ಆಗಿರಲಿಲ್ಲ. ನಾನು ಅವರನ್ನು ಕಂದು ಚೀಲ, ಎಡಗೈಯಲ್ಲಿ ವಾಚು ಎಂದೇ ಬರೆದುಕೊಂಡಿದ್ದೆ.

ನಂತೂರಿನಲ್ಲಿ ಮಳೆ ಬಿಟ್ಟಿತ್ತು. ಗಾಳಿಗೆಂದು ನಾನು ಕಿಟಕಿಯ ಪರದೆ ಮೇಲೆತ್ತಿದ್ದೆ. ಆ ಕಿಟಕಿಯ ಅಡ್ಡ ಸರಳು ಕಳಚಿ ಹೋಗಿ ಎಷ್ಟೋ ದಿನವಾಗಿತ್ತು. ಬಸ್ ನಿಂತ ಕೂಡಲೇ ಮತ್ತೆ ಮಳೆ ಒಮ್ಮೆಲೇ ಸುರಿಯಿತು. ಕೆಳಗೆ ಜನ ಕೊಡೆ ಬಿಡಿಸುವ ಗಡಿಬಿಡಿ. ಆಗ ಕಿಟಕಿಯ ಹೊರಗಿನಿಂದ ಎರಡು ಕೈ ಮೇಲೆ ಬಂದವು. ಹಸಿರು ಗಾಜಿನ ಬಳೆ, ಬಲಗೈಯ ಹೆಬ್ಬೆರಳಿಗೆ ಬ್ಯಾಂಡೇಜು. ಕೈಗಳ ನಡುವೆ ಮಗು. "ಒಂಚೂರು ಹಿಡ್ಕೊಳ್ಳಿ," ಎಂದಿತು ದನಿ. ನನ್ನ ಕೈ ತಾನಾಗಿ ಮೇಲೆದ್ದಿತು. ಮಗುವನ್ನು ತೆಗೆದುಕೊಂಡು ಕಂದು ಚೀಲದ ಮೇಲೆ ಕೂರಿಸಿದೆ, ಒಳಗೆ ನೀರು ಬರುತ್ತದೆಂದು ಪರದೆ ಎಳೆದೆ. ಮಳೆಗೆ ಉಳಿದ ಪರದೆಗಳೂ ಕೆಳಗೆ ಬಂದವು.

ಆಮೇಲೆ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ಐದು ವಾರದಲ್ಲಿ ನನ್ನ ಮಡಿಲಿಗೆ ಬಂದ ಮೊದಲ ಮಗು ಅದು. ಸಂತೋಷದಿಂದ ನೋಟ್‌ಬುಕ್ ತೆಗೆದು ಒಂದೇ ಕೈಯಲ್ಲಿ ಬರೆದೆ: "೮.೪೩. ನಂತೂರು. ಮಗು, ೧. ಕಿಟಕಿಯಿಂದ. ಹಸಿರು ಬಳೆ, ಬಲ ಹೆಬ್ಬೆರಳಿಗೆ ಪಟ್ಟಿ." ಹತ್ತು ತಿಂಗಳ ಹೆಣ್ಣುಮಗು, ಕೆನ್ನೆಯಲ್ಲಿ ಕಪ್ಪು ಬೊಟ್ಟು. ನಾನು ಬರೆಯುವಷ್ಟು ಹೊತ್ತೂ ಅದು ತಲೆ ಎತ್ತಿ ನನ್ನ ಮುಖವನ್ನೇ ನೋಡುತ್ತಿತ್ತು. ಬರೆದು ಮುಗಿದ ಮೇಲೆ ಪೆನ್ನನ್ನು ಕಿತ್ತುಕೊಂಡಿತು.

ಎರಡು ಸೀಟಿ ಕೇಳಿಸಿತು. ಬಸ್ ಹೊರಟಿತು.

ಲೋಕೇಶಣ್ಣ ಟಿಕೆಟ್ ಕೊಡುತ್ತಾ ಹಿಂದೆ ಬಂದ. ಮಗುವನ್ನು ನೋಡಿ ನಕ್ಕ. "ಓಹೋ, ಚೆಕಿಂಗ್ ಸಾರಿಗೆ ಇವತ್ತು ಬಾಲೆ ಸಿಕ್ಕಿತಾ! ಬಾಲೆದ ಅಪ್ಪೆ ಒಲ್ಪ?" ತುಳುವಿನಲ್ಲಿ ಅವನು ಕೇಳಿದ್ದು, ಮಗುವಿನ ತಾಯಿ ಎಲ್ಲಿ ಎಂದು.

"ಕಿಟಕಿಯಿಂದ ಕೊಟ್ರು. ಮುಂದಿನ ಬಾಗಿಲಿನಿಂದ ಹತ್ತಿರಬೇಕು," ಎಂದೆ. ನಮ್ಮ ಬಸ್ಸುಗಳಲ್ಲಿ ಹೆಂಗಸರು ಹತ್ತುವುದು ಮುಂದಿನ ಬಾಗಿಲಿನಿಂದ. ಯಾರೂ ಹೇಳಿಕೊಡಬೇಕಾಗಿಲ್ಲ.

ಅವನ ನಗು ಅಲ್ಲಿಗೇ ನಿಂತಿತು. "ನಂತೂರಲ್ಲಿ ಮುಂದಿನಿಂದ ಯಾರೂ ಹತ್ಲಿಲ್ಲ ಸಾರ್. ಹಿಂದಿನಿಂದ ಇಬ್ಬರು ಹುಡುಗರು, ಅಷ್ಟೇ. ನಾನು ನೋಡಿದ್ದೇನೆ."

ಯಾವ ಸ್ಟಾಪಿನಲ್ಲಿ ಯಾರು ಹತ್ತಿದರೆಂದು ಕಂಡಕ್ಟರಿಗೆ ತಪ್ಪುವುದಿಲ್ಲ. ನನ್ನ ನೋಟ್‌ಬುಕ್ಕಿಗಿಂತ ಅವನ ತಲೆ ಗಟ್ಟಿ ಎಂದು ನನಗೆ ಗೊತ್ತಿತ್ತು. ಆದರೂ ಅವನು ಮುಂದಕ್ಕೆ ಕೂಗಿದ. "ಮಗುವನ್ನು ಹಿಂದೆ ಕೊಟ್ಟವರು ಯಾರಮ್ಮಾ? ಮಗು, ಮಗು!" ಮುಂದಿನ ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಯಾರೂ ಕೈ ಎತ್ತಲಿಲ್ಲ.

ಸುತ್ತ ನಿಂತಿದ್ದವರೆಲ್ಲ ಮಗುವನ್ನೂ ನನ್ನನ್ನೂ ನೋಡತೊಡಗಿದರು.

ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡಿದ್ದ ಒಬ್ಬರು ನನ್ನ ಮೇಲೆ ಬಗ್ಗಿದರು. "ನಿಮಗೆ ಕೊಟ್ಟದ್ದು ಯಾರು?"

"ಒಬ್ಬರು ಹೆಂಗಸು."

"ನೋಡಲಿಕ್ಕೆ ಹೇಗಿದ್ರು?"

"ನೋಡಲಿಲ್ಲ."

"ಒಂದು ಮಗುವನ್ನು ತಗೊಳ್ತೀರಿ, ಕೊಟ್ಟವರ ಮುಖ ನೋಡುದಿಲ್ವಾ?"

ಆ ವಾರವೆಲ್ಲ ಜನರ ಮೊಬೈಲಿನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಹರಿದಾಡುತ್ತಿತ್ತು. ನಾನೂ ನೋಡಿದ್ದೆ, ನಂಬಿರಲಿಲ್ಲ. ಈಗ ಅದನ್ನು ನಂಬಿದವರ ನಡುವೆ ಹೆಸರು ಗೊತ್ತಿಲ್ಲದ ಮಗುವನ್ನು ಹಿಡಿದುಕೊಂಡು ಕೂತಿದ್ದೆ.

"ಇವ ದಿನಾ ಇಲ್ಲಿ ಕೂತು ಎಂತದೋ ಬರೀತಾನೆ," ಎಂದು ಹಿಂದಿನಿಂದ ಒಂದು ದನಿ. ಐಡಿ ಕಾರ್ಡಿನವರು ನನ್ನ ತೊಡೆಯ ಮೇಲಿದ್ದ ನೋಟ್‌ಬುಕ್ ಎತ್ತಿಕೊಂಡು ಗಟ್ಟಿಯಾಗಿ ಓದಿದರು. "ಕೆಂಪು ಬ್ಯಾಗು, ಹುಡುಗಿ. ಮೀನಿನ ತೊಟ್ಟೆ, ಮುದುಕ. ಮಗು, ಒಂದು, ಕಿಟಕಿಯಿಂದ." ಅವರು ಓದಿದಾಗ ಅದು ನನಗೇ ಕಳ್ಳನ ಪಟ್ಟಿಯ ಹಾಗೆ ಕೇಳಿಸಿತು. ಯಾರೋ ಮೊಬೈಲ್ ಎತ್ತಿ ನನ್ನ ಕಡೆಗೆ ಹಿಡಿದರು. ಇನ್ಯಾರೋ ನನ್ನ ಅಂಗಿಯ ಹೆಗಲನ್ನು ಹಿಡಿದುಕೊಂಡರು. ಎಳೆದಿರಲಿಲ್ಲ, ಹಿಡಿದಿದ್ದರು ಅಷ್ಟೇ.

"ಅವನ ಅಂಗಿ ಬಿಡಿ!"

ವಾರಿಜಕ್ಕ. ನನ್ನ ಪಕ್ಕದಲ್ಲೇ ಕಂಬ ಹಿಡಿದು ನಿಂತಿದ್ದರು. "ಮೊಬೈಲ್ ಕೆಳಗೆ ಇಡಿ ಮಾರಾಯ್ರೆ. ಈ ಮಗನ ಮಡಿಲಲ್ಲಿ ನನ್ನ ಚೀಲ ಒಂದು ತಿಂಗಳಿಂದ ಉಂಟು. ಅದರಲ್ಲಿ ನನ್ನ ಮೊಬೈಲ್ ಉಂಟು, ಮನೆಯ ಬೀಗದಕೈ ಉಂಟು. ಒಂದು ದಿನ ಜಿಪ್ಪು ಮುಟ್ಟಿದವ ಅಲ್ಲ. ಕದಿಯುವವ ಪುಸ್ತಕದಲ್ಲಿ ಬರ್ಕೊಂಡು ಕದೀತಾನಾ? ನಿಮ್ಮ ತಲೆಯಲ್ಲಿ ಎಂತ ಉಂಟು?"

ಹೆಗಲ ಮೇಲಿನ ಕೈ ಹೋಯಿತು. ಅವರು ಬಗ್ಗಿ ಮಗುವಿನ ಬಾಯಿಯಿಂದ ಪೆನ್ನಿನ ಮುಚ್ಚಳ ತೆಗೆದರು. ನನ್ನನ್ನೂ ಬಿಡಲಿಲ್ಲ. "ನಿನಗೂ ಬುದ್ಧಿ ಇಲ್ಲ. ಬರಿಯುವಾಗ ಒಮ್ಮೆ ತಲೆ ಎತ್ತಿದ್ರೆ ನಿನ್ನ ಗಂಟು ಎಂತ ಹೋಗ್ತಿತ್ತು?"

ಇಷ್ಟೆಲ್ಲ ಆಗುವಾಗ ಹಿಂದಿನಿಂದ ಒಂದು ಬಸ್ಸಿನ ಹಾರ್ನು ಬಿಡದೆ ಹೊಡೆಯುತ್ತಿತ್ತು. ನಂತೂರು ಬಿಟ್ಟಲ್ಲಿಂದ ಅದು ಶುರುವಾಗಿತ್ತೆಂದು ಈಗ ಹೇಳಬಲ್ಲೆ. ಆಗ ಯಾರೂ ಅದಕ್ಕೆ ಕಿವಿ ಕೊಡಲಿಲ್ಲ. ಹಿಂದಿನ ಬಸ್ ಹಾಗೆ ಹಾರ್ನ್ ಹೊಡೆದರೆ ಈ ಊರಲ್ಲಿ ಒಂದೇ ಅರ್ಥ: ಸೈಡ್ ಕೊಡು, ಮುಂದಿನ ಸ್ಟಾಪಿನ ಜನ ನನಗೆ. ನಮ್ಮ ಡ್ರೈವರ್ ವಿಶ್ವಣ್ಣ ಹದಿನೈದು ವರ್ಷದಿಂದ ಆ ಅರ್ಥವನ್ನು ಬಲ್ಲವನು. ಅವನು ಬಸ್ಸನ್ನು ರಸ್ತೆಯ ನಡುವಿಗೆ ತಂದು ಇನ್ನಷ್ಟು ಜೋರಾಗಿ ಓಡಿಸುತ್ತಿದ್ದ.

ಮುಂದಿನ ಸೀಟಿನ ಹೆಂಗಸರು ಅವನಿಗೆ ಕೂಗಿ ಹೇಳಿದರು. "ವಿಶ್ವಣ್ಣಾ, ನಿಲ್ಸಿ. ಹಿಂದೆ ಒಂದು ಮಗು ಉಂಟು, ತಾಯಿ ಇಲ್ಲ."

"ಮಲ್ಲಿಕಟ್ಟೆ ಸ್ಟಾಪಲ್ಲಿ ನಿಲ್ಲಿಸ್ತೇನೆ ಅಕ್ಕ. ಈಗ ನಿಲ್ಸಿದ್ರೆ ಅವ ಪಾಸ್ ಆಗ್ತಾನೆ."

ಮಲ್ಲಿಕಟ್ಟೆಯಲ್ಲಿ ಅವನು ವೇಗ ಇಳಿಸಿದ್ದು ನಿಜ. ಅಷ್ಟರಲ್ಲಿ ಹಿಂದಿನ ಬಸ್ ಬಲಗಡೆಯಿಂದ ಮೂತಿ ತೂರಿಸಿತು. ವಿಶ್ವಣ್ಣನ ಕಾಲು ಆಕ್ಸಿಲರೇಟರ್ ಒತ್ತಿತು. ತಾನು ಒತ್ತಲಿಲ್ಲ, ಕಾಲೇ ಒತ್ತಿದ್ದು ಎಂದು ಅವನು ಆಮೇಲೆ ಎಲ್ಲರ ಹತ್ತಿರವೂ ಹೇಳಿದ. ನಾನು ನಂಬಿದೆ. ನನ್ನ ಕೈಯೂ ನಂತೂರಿನಲ್ಲಿ ಹಾಗೆಯೇ ಎದ್ದಿತ್ತಲ್ಲ.

ಮಲ್ಲಿಕಟ್ಟೆಯಲ್ಲಿ ದಾರಿ ಎರಡಾಗುತ್ತದೆ. ನಮ್ಮ ಬಸ್ ಎಡಕ್ಕೆ ತಿರುಗಿ ಬೆಂದೂರ್‌ವೆಲ್ ಮೇಲಿಂದ ಕಂಕನಾಡಿ, ಫಳ್ನೀರ್ ಕಡೆಗೆ ಹೋಗುವಂಥದ್ದು. ಹಿಂದಿನದು ನೇರ ಹೋಗುವ ರೂಟಿನದು. ಲೋಕೇಶಣ್ಣ ಹಿಂದಿನ ಗಾಜನ್ನು ಅಂಗೈಯಿಂದ ಒರೆಸಿ ನೋಡುತ್ತಿದ್ದ. ನಾವು ಎಡಕ್ಕೆ ತಿರುಗಿದೆವು. ಅದೂ ಎಡಕ್ಕೆ ತಿರುಗಿತು.

"ಇವ ಈ ರೂಟಿನವ ಅಲ್ವಲ್ಲ," ಎಂದ ಲೋಕೇಶಣ್ಣ, ಮೆಲ್ಲನೆ, ತನ್ನಷ್ಟಕ್ಕೆ. "ಇವ ಎಂತಕ್ಕೆ ಈಚೆ ತಿರುಗಿದ?"

ನಾನು ಅವನ ಮುಖ ನೋಡಿದೆ, ಅವನು ಮಗುವಿನ ಮುಖ ನೋಡಿದ. ಪರ್ಮಿಟ್ಟಿನ ದಾರಿ ಬಿಟ್ಟು, ಬಸ್ ತುಂಬ ಬೇರೆ ಕಡೆಗೆ ಹೋಗುವ ಜನರನ್ನು ಕೂರಿಸಿಕೊಂಡು, ನಾಲ್ಕು ಜನ ಪ್ರಯಾಣಿಕರ ಆಸೆಗೆ ಯಾವ ಡ್ರೈವರೂ ಹಿಂಬಾಲಿಸಿ ಬರುವುದಿಲ್ಲ. ಲೋಕೇಶಣ್ಣ ಹಿಂಬಾಗಿಲಿನಿಂದ ಅರ್ಧ ಹೊರಗೆ ಬಗ್ಗಿ ಬಸ್ಸಿನ ಮೈಗೆ ಬಡಿದ. ಕೈ ಮುರಿಯುವ ಹಾಗೆ ಬಡಿದ. "ಉಂತಾಲೆ! ವಿಶ್ವಣ್ಣಾ, ನಿಲ್ಸಿ! ಬಾಲೆಯ ಅಪ್ಪೆ ಹಿಂದಿನ ಬಸ್ಸಲ್ಲಿ ಇದ್ದಾಳೆ!"

ಬಸ್ ನಿಂತಿತು. ಹಿಂದಿನದೂ ನಿಂತಿತು. ಅದರ ಮುಂಬಾಗಿಲಿನಿಂದ ಒಬ್ಬಳು ಹಾರಿದಳು. ಕೊಡೆ ಇಲ್ಲ, ಕಾಲಿನಲ್ಲಿ ಒಂದೇ ಚಪ್ಪಲಿ. ಈ ಬಾರಿ ಅವಳು ಮುಂದಿನ ಬಾಗಿಲು ಹುಡುಕಲಿಲ್ಲ. ಹುಡುಗರು ಜೋತಾಡುವ ನಮ್ಮ ಹಿಂಬಾಗಿಲಿನಿಂದಲೇ ಹತ್ತಿದಳು.

ಲೋಕೇಶಣ್ಣ ಕೈ ಅಡ್ಡ ಹಿಡಿದ. ಅವನೂ ಹೆದರಿದ್ದ. "ಒಂದು ನಿಮಿಷ ಅಕ್ಕ. ಸಾರ್, ಇವರೇನಾ?"

ಅವಳ ಮುಖ ನೋಡಿ ನಾನು ಏನು ಹೇಳಬಹುದಿತ್ತು? ನಾನು ಕೈ ನೋಡಿದೆ. ಹಸಿರು ಬಳೆಯಲ್ಲಿ ಒಂದೆರಡು ಒಡೆದು ರಕ್ತ ಬಂದಿತ್ತು. ಬಲ ಹೆಬ್ಬೆರಳಿನ ಬ್ಯಾಂಡೇಜು ಒದ್ದೆಯಾಗಿ ಬಿಚ್ಚಿ ನೇತಾಡುತ್ತಿತ್ತು. "ಇವರೇ," ಎಂದೆ. ಐಡಿ ಕಾರ್ಡಿನವರು ನೋಟ್‌ಬುಕ್ಕಿನ ಸಾಲನ್ನು ಇನ್ನೊಮ್ಮೆ ಓದಿದರು, ಅವಳ ಕೈ ನೋಡಿದರು, ಪುಟವನ್ನು ತಮ್ಮ ಅಂಗಿಯಿಂದಲೇ ಒರೆಸಿ ನನ್ನ ತೊಡೆಯ ಮೇಲಿಟ್ಟರು. ಮಗು ಯಾರ ಸಾಕ್ಷಿಗೂ ಕಾಯಲಿಲ್ಲ. ಎರಡೂ ಕೈ ಚಾಚಿತು.

ಅವಳು ಮಗುವನ್ನು ತೆಗೆದುಕೊಂಡು ಬಸ್ಸಿನ ಒದ್ದೆ ನೆಲದಲ್ಲೇ ಕೂತುಬಿಟ್ಟಳು. ಅವಳ ಹೆಸರು ಹೇಮಾ. ಮೆಟ್ಟುಕತ್ತಿಯಲ್ಲಿ ಬೆರಳು ಕೊಯ್ದುಕೊಂಡು ಎರಡು ದಿನವಾಗಿತ್ತು. ಮಗುವಿಗೆ ಲಸಿಕೆ ಹಾಕಿಸಲು ಫಳ್ನೀರಿಗೆ ಹೊರಟಿದ್ದಳು. ಮಗು ನೆನೆಯಬಾರದೆಂದು ಕಿಟಕಿಯಿಂದ ಕೊಟ್ಟಿದ್ದಾಳೆ, ಕೊಡೆ ತಗ್ಗಿಸಿ ಮುಂದಿನ ಬಾಗಿಲಿಗೆ ನಡೆದಿದ್ದಾಳೆ. ಹತ್ತಿರ ಕಂಡ ಮುಂದಿನ ಬಾಗಿಲು ಹಿಂದಿನ ಬಸ್ಸಿನದು. ಅದರೊಳಗೆ ಈ ತುದಿಯಿಂದ ಆ ತುದಿಗೆ ಎಲ್ಲರ ಮಡಿಲು ನೋಡುತ್ತಾ ಹೋದಳಂತೆ. "ಎಲ್ಲರ ಮಡಿಲಲ್ಲೂ ಚೀಲ. ಬರೀ ಚೀಲ," ಎಂದು ಅವಳು ಹೇಳಿದ್ದು ನನ್ನ ಕಿವಿಯಲ್ಲಿ ಹಾಗೆಯೇ ಇದೆ.

ಸ್ವಲ್ಪ ಉಸಿರು ಬಂದ ಮೇಲೆ ಅವಳು ಮೊದಲು ಕೇಳಿದ್ದು ಮೊಬೈಲ್ ಹಿಡಿದವನನ್ನು. "ವೀಡಿಯೊ ಯಾರಿಗೂ ಕಳಿಸ್ಬೇಡಿ ಅಣ್ಣ. ಅವರು ಗಲ್ಫಲ್ಲಿ ಇರುದು. ಅಲ್ಲಿಂದ ಇದನ್ನು ನೋಡಿದ್ರೆ ಅವರಿಗೆ ಕೆಲಸ ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ." ಅವನು ಅವಳ ಮುಂದೆಯೇ ಅಳಿಸಿದ. ವಾರಿಜಕ್ಕ ಮೊಬೈಲನ್ನು ತಮ್ಮ ಕೈಗೆ ತೆಗೆದುಕೊಂಡು ಇನ್ನೊಮ್ಮೆ ಖಾತ್ರಿ ಮಾಡಿಕೊಂಡರು.

ಹೊರಗೆ ಹಿಂದಿನ ಬಸ್ಸಿನ ಡ್ರೈವರ್ ಮಳೆಯಲ್ಲಿ ತಲೆ ಹೊರಗೆ ಹಾಕಿ ಬೈಯುತ್ತಿದ್ದ. "ಹಾರ್ನ್ ಹೊಡೆದು ಹೊಡೆದು ಕೈ ಸತ್ತಿತು ಮಾರಾಯ. ನಿನಗೆ ಕಿವಿ ಉಂಟಾ? ಇನ್ನು ಇದನ್ನು ರಿವರ್ಸ್ ಹೇಗೆ ತೆಗೆಯುದು?" ಅವನ ಬಸ್ಸಿನ ಜನ ಆಫೀಸಿಗೆ ತಡವಾಯಿತೆಂದು ಗೊಣಗುತ್ತಿರಬೇಕು ಎಂದುಕೊಂಡೆ. ನೋಡಿದರೆ ಎಲ್ಲರೂ ಪರದೆ ಎತ್ತಿ, ನೆನೆಯುತ್ತಾ, ಮಗು ಸಿಕ್ಕಿತಾ ಎಂದು ಕೇಳುತ್ತಿದ್ದರು. ವಿಶ್ವಣ್ಣ ಇಳಿದು ಹೋಗಿ, ರಸ್ತೆಯ ನಡುವೆ ನಿಂತು, ಬರುವ ವಾಹನಗಳಿಗೆ ಕೈ ಅಡ್ಡ ಹಿಡಿದು, ಆ ಬಸ್ಸನ್ನು ಹಿಂದೆ ತೆಗೆಸಿಕೊಟ್ಟ. ಅವನು ಬೇರೆ ಬಸ್ಸಿಗೆ ದಾರಿ ಬಿಟ್ಟದ್ದನ್ನು ತಾನು ಕಂಡದ್ದು ಅದೊಂದೇ ಸಲ ಎಂದು ಲೋಕೇಶಣ್ಣ ಹೇಳುತ್ತಾನೆ.

ಹೇಮಾ ಮತ್ತು ಮಗುವಿಗೆ ನಾನು ಸೀಟು ಬಿಟ್ಟು ನಿಂತೆ. ಫಳ್ನೀರಿನಲ್ಲಿ ಅವರೂ ವಾರಿಜಕ್ಕನೂ ನಾನೂ ಒಟ್ಟಿಗೆ ಇಳಿದೆವು. ಅವರನ್ನು ಲಸಿಕೆಯ ಸಾಲಿನಲ್ಲಿ ಕೂರಿಸಿ ಬಂದ ವಾರಿಜಕ್ಕ ನನ್ನನ್ನು ಎದುರಿನ ಹೋಟೆಲಿಗೆ ಕರೆದುಕೊಂಡು ಹೋದರು. ಚಹಾ ಬಂತು. ಗ್ಲಾಸ್ ಎತ್ತಲು ಹೋದೆ. "ಬಿಸಿ ಉಂಟು. ಸ್ವಲ್ಪ ಹೊತ್ತು ಬಿಡು, ತಣಿಯಲಿ," ಎಂದರು. ಆಗ ನಾನು ಅವರ ಮುಖವನ್ನು ಸರಿಯಾಗಿ ನೋಡಿದೆ. ಬಲ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಕಲೆ. ಒಂದು ತಿಂಗಳು ಅವರ ವಾಚಿನ ಬಣ್ಣ ಬರೆದುಕೊಂಡವನಿಗೆ ಅದು ಕಂಡಿರಲಿಲ್ಲ.

ಮಳೆಗಾಲ ಮುಗಿಯುವವರೆಗೂ ಅದೇ ಬಸ್ಸಿನಲ್ಲಿ ಹೋದೆ. ಮೊದಲ ಎರಡು ದಿನ ಬಿಟ್ಟು ಮೂರನೇ ದಿನ ಹೋದಾಗ ಯಾರೋ ಮಡಿಲಿಗೆ ಚೀಲ ಹಾಕಿದರು. ತಲೆ ಎತ್ತಿ "ನಿಮ್ಮದೇ ಅಲ್ವಾ?" ಎಂದು ಕೇಳಿದೆ. ಅವರು ನಕ್ಕರು. "ಮತ್ತೆ ಯಾರದ್ದು ಮಾರಾಯ್ರೆ?" ಐಡಿ ಕಾರ್ಡಿನವರೂ ಒಂದು ದಿನ ತಮ್ಮ ಬ್ಯಾಗನ್ನು ನನ್ನ ಮಡಿಲಲ್ಲಿಟ್ಟರು. ಅವರ ಕ್ಷಮೆ ಅದು ಎಂದು ತಿಳಿದುಕೊಂಡೆ. ಪ್ರಬಂಧವನ್ನು ಮೊದಲಿನಿಂದ ಬರೆದೆ. ಮೇಡಂ ಓದಿ, "ಈಗ ಜನ ಬಂದ್ರು," ಎಂದರು. ಆ ಗುರುವಾರದ ಪುಟವನ್ನು ಮಾತ್ರ ಅದರಲ್ಲಿ ಸೇರಿಸಲಿಲ್ಲ. ಸೇರಿಸುವಷ್ಟು ದೂರ ಅದು ಆಗ ಹೋಗಿರಲಿಲ್ಲ.

ನನ್ನ ಮಾತಿನಲ್ಲಿ ತಪ್ಪಿದ್ದರೆ ತಿದ್ದಬಲ್ಲವರು ಇದ್ದಾರೆ. ವಿಶ್ವಣ್ಣ ಇಲ್ಲ, ಎರಡು ವರ್ಷದ ಹಿಂದೆ ಕಾಯಿಲೆಯಲ್ಲಿ ತೀರಿಕೊಂಡ. ಲೋಕೇಶಣ್ಣ ಇದ್ದಾನೆ, ಬೇರೆ ರೂಟಿನಲ್ಲಿ, ತಲೆ ಅಷ್ಟೇ ಗಟ್ಟಿ. ವಾರಿಜಕ್ಕ ಇದ್ದಾರೆ, ಕ್ಲಿನಿಕ್ ಬಿಟ್ಟು ಮನೆಯಲ್ಲಿದ್ದಾರೆ. ಮಗು ಅಷ್ಟೂ ಹೊತ್ತು ಅಳುತ್ತಿತ್ತೆಂದು ಅವರು ಹೇಳುತ್ತಾರೆ, ನನ್ನ ನೆನಪಿನಲ್ಲಿ ಅದು ಅಳಲೇ ಇಲ್ಲ. ಹೇಮಾ ಇದ್ದಾಳೆ. ಮತ್ತು ಅಂದಿನ ಆ ಮಗು ಅನ್ವಿತಾ ಇದ್ದಾಳೆ, ಈಗ ಮೂರನೇ ಕ್ಲಾಸು. ತನಗೇನೂ ನೆನಪಿಲ್ಲ ಎನ್ನುತ್ತಾಳೆ. ಆದರೂ ಅವಳ ಹೆಸರನ್ನು ಸಾಕ್ಷಿಗಳಲ್ಲಿ ಸೇರಿಸುತ್ತೇನೆ. ನಂತೂರಿನಿಂದ ಹೊರಟ ಆ ಬಸ್ಸಿನಲ್ಲಿ, ನಾನು ತಲೆ ತಗ್ಗಿಸಿ ಬರೆಯುತ್ತಿದ್ದಾಗ, ಎದುರಿದ್ದವರ ಮುಖ ನೋಡಿದವಳು ಅವಳೊಬ್ಬಳೇ.